ಅಣ್ಣ-ತಮ್ಮಂದಿರ ಯುದ್ಧದಲ್ಲಿ ಮೂರನೆಯವನು

ಒಂದು ರಾಜ್ಯ. ರಾಜ ಸತ್ತ. ಇಬ್ಬರು ಗಂಡುಮಕ್ಕಳು, ಒಂದೇ ಸಿಂಹಾಸನ. ಇಷ್ಟು ಹೇಳಿದ್ರೆ ಸಾಕು, ಮುಂದಿನ ಕತೆಯನ್ನ ನಮ್ಮೂರಿನ ಯಾವ ಅಜ್ಜಿ ಬೇಕಾದ್ರೂ ಹೇಳಿಬಿಡ್ತಾಳೆ. 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 2' ಅನ್ನೋ ಕಂಪ್ಯೂಟರ್ ಆಟದ ಕತೆಯೂ ಇದೇ. 1996ರಲ್ಲಿ ಬಂದದ್ದು, ಹೆಚ್ಚುಕಮ್ಮಿ ನನ್ನಷ್ಟೇ ವಯಸ್ಸು ಅದಕ್ಕೆ. ಆಟದ ಉಪಶೀರ್ಷಿಕೆ 'ದ ಸಕ್ಸೆಶನ್ ವಾರ್ಸ್', ಅಂದ್ರೆ ಪಟ್ಟಕ್ಕಾಗಿ ನಡೆದ ಯುದ್ಧಗಳು.

ಎನ್‌ರಾತ್ ಅನ್ನೋ ದೇಶ. ಅಲ್ಲಿನ ರಾಜ ಮಾರ್ಗ್ಲಿನ್ ಐರನ್‌ಫಿಸ್ಟ್ ತೀರಿಕೊಂಡ ಮೇಲೆ ಯಾರು ರಾಜ ಆಗ್ಬೇಕು ಅಂತ ಅರಮನೆಯ ಕಾಲಜ್ಞಾನಿ ಹೇಳಬೇಕು. ಆದ್ರೆ ಆ ಕೆಲಸಕ್ಕೆ ಬಂದವರೆಲ್ಲಾ ಒಬ್ಬರಾದ ಮೇಲೆ ಒಬ್ಬರು ವಿಚಿತ್ರವಾಗಿ ಸಾಯ್ತಾರೆ. ಆರ್ಚಿಬಾಲ್ಡ್ ಆ ಸಾವುಗಳನ್ನ ಸೋದರ ರೋಲಂಡನ ತಲೆಗೆ ಕಟ್ತಾನೆ. ರೋಲಂಡ್ ಓಡಿಹೋಗ್ತಾನೆ. ಆರ್ಚಿಬಾಲ್ಡ್ ತನಗೆ ಬೇಕಾದ ಒಬ್ಬ ಕಾಲಜ್ಞಾನಿಯನ್ನ ಕೂರಿಸಿ ತನ್ನ ಹೆಸರನ್ನೇ ಹೇಳಿಸಿಕೊಂಡು ಕಿರೀಟ ಇಟ್ಕೋತಾನೆ. ಅಲ್ಲಿಂದ ಯುದ್ಧ ಶುರು.

ಈ ಆಟ ನನಗೆ ಇಷ್ಟವಾಗೋದಕ್ಕೆ ಡ್ರಾಗನ್ನುಗಳಾಗ್ಲಿ ಹಿನ್ನೆಲೆ ಸಂಗೀತವಾಗ್ಲಿ ಕಾರಣ ಅಲ್ಲ (ಸಂಗೀತ ನಿಜಕ್ಕೂ ಚೆನ್ನಾಗಿದೆ, ಅದು ಬೇರೆ ಮಾತು). ಇದರಲ್ಲಿ ನೀವು ರೋಲಂಡನೂ ಅಲ್ಲ, ಆರ್ಚಿಬಾಲ್ಡನೂ ಅಲ್ಲ. ನೀವು ಮೂರನೆಯವರು. ಆಟ ಶುರುವಾದ ತಕ್ಷಣ ಇಬ್ಬರೂ ತಮ್ಮ ತಮ್ಮ ಮಾತು ಹೇಳ್ತಾರೆ, ಯಾರ ಕಡೆ ಅಂತ ನೀವು ಆರಿಸ್ಕೋಬೇಕು. ಆಮೇಲಿನ ಕೋಟೆ, ಗಣಿ, ಸೈನ್ಯ, ಸಾವುನೋವು ಎಲ್ಲಾ ನಿಮ್ಮ ಕೈಯಲ್ಲಿ. ಅಣ್ಣ-ತಮ್ಮ ಮಧ್ಯೆ ಮಧ್ಯೆ ವಿಡಿಯೋದಲ್ಲಿ ಬಂದು ಭಾಷಣ ಮಾಡಿ ಹೋಗ್ತಾರೆ, ಅಷ್ಟೇ!

ಆಟದ ಲೆಕ್ಕ ಸರಳ. ಹೀರೋಗಳಲ್ಲಿ ಆರು ಜಾತಿ. ನೈಟ್, ಸೋರ್ಸರೆಸ್, ವಿಝರ್ಡ್ ರೋಲಂಡನ ಕಡೆಯವರು. ಬಾರ್ಬೇರಿಯನ್, ವಾರ್ಲಾಕ್, ನೆಕ್ರೊಮ್ಯಾನ್ಸರ್ ಆರ್ಚಿಬಾಲ್ಡನ ಕಡೆಯವರು. ಹೀರೋ ಅಂದ್ರೆ ನಮ್ಮ ಸಿನಿಮಾದ ಹೀರೋ ಥರ ಒಬ್ಬನೇ ನಲವತ್ತು ಜನರನ್ನ ಹೊಡೆಯೋನಲ್ಲ. ಅವನು ಕತ್ತಿ ಹಿಡಿದು ರಣರಂಗಕ್ಕೆ ಇಳಿಯೋದೇ ಇಲ್ಲ. ಪಕ್ಕದಲ್ಲಿ ಕುದುರೆ ಮೇಲೆ ಕೂತು ಮಂತ್ರ ಹಾಕ್ತಾನೆ, ಸೈನ್ಯಕ್ಕೆ ಹುರುಪು ಕೊಡ್ತಾನೆ. ಸಾಯೋರು ಸೈನಿಕರು. ಅವನನ್ನ ಕೋಟೆಯಲ್ಲಿ 2500 ಚಿನ್ನದ ನಾಣ್ಯಕ್ಕೆ ಕೆಲಸಕ್ಕೆ ಇಟ್ಕೋಬಹುದು. ಸೋತು ಓಡಿಹೋದ್ರೆ ಮತ್ತೆ ದುಡ್ಡು ಕೊಟ್ಟು ಅವನನ್ನೇ ಕರೆಸ್ಕೋಬಹುದು. ಅಂದ್ರೆ ಹೀರೋ ಅಂದ್ರೆ ಸಂಬಳದ ಸೇನಾಪತಿ. ನಮ್ಮ ಕಂಪನಿಗಳ ಕಾಂಟ್ರಾಕ್ಟ್ ಇಂಜಿನಿಯರ್ ಇದ್ದ ಹಾಗೆ ಅನ್ಕೊಳ್ಳಿ.

ಆಟದ ಸ್ವಾರಸ್ಯ ಇರೋದು ಜೊತೆಗೆ ಬರೋರಲ್ಲಿ. ಒಬ್ಬ ಹೀರೋ ಐದೇ ಐದು ಗುಂಪು ಕಟ್ಟಿಕೊಂಡು ಹೋಗ್ಬಹುದು. ಐದೂ ಒಂದೇ ಸೀಮೆಯವಾದ್ರೆ ಸೈನ್ಯದ ಮನೋಬಲ ಏರುತ್ತೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಸೀಮೆಯವರನ್ನ ಕಲಸಿದ್ರೆ ಇಳಿಯುತ್ತೆ. ಬದುಕಿರೋರ ಮಧ್ಯೆ ಅಸ್ಥಿಪಂಜರಗಳನ್ನ ಸೇರಿಸಿದ್ರಂತೂ ಪಾಪ ಉಳಿದವರು ಪೂರ್ತಿ ಕಂಗಾಲು! ದಾರಿಯಲ್ಲಿ ಸಿಗೋ ಪಡೆಗಳು ಕೆಲವು ಸಲ 'ನಾವೂ ಬರ್ತೀವಿ' ಅಂತವೆ. 'ಡಿಪ್ಲೊಮಸಿ' ಕಲಿತ ಹೀರೋ ಆದ್ರೆ ದುಡ್ಡು ಕೊಟ್ಟು ಇನ್ನಷ್ಟು ಜನರನ್ನ ಎಳ್ಕೋಬಹುದು.

ಇಲ್ಲಿ ಶಲ್ಯ ನೆನಪಾಗ್ಬೇಕು. ಪಾಂಡವರ ಸೋದರಮಾವ, ಪಾಂಡವರ ಕಡೆಗೇ ಅಂತ ಸೈನ್ಯ ತಗೊಂಡು ಹೊರಟವನು. ದಾರಿಯುದ್ದಕ್ಕೂ ಯಾರೋ ಚಪ್ಪರ ಹಾಕಿ ಊಟ ಉಪಚಾರ ಮಾಡಿದ್ರು. ಇಷ್ಟು ಚೆನ್ನಾಗಿ ನೋಡ್ಕೊಂಡವರು ಯಾರು, ಕೇಳಿದ್ದು ಕೊಡ್ತೀನಿ ಅಂದ. ದುರ್ಯೋಧನ ಮುಂದೆ ಬಂದು ನಿಂತ. ಅಲ್ಲಿಗೆ ಮುಗೀತು. ಡಿಪ್ಲೊಮಸಿ ಕೌಶಲ್ಯದಲ್ಲಿ ದುರ್ಯೋಧನ 'ಎಕ್ಸ್‌ಪರ್ಟ್' ಮಟ್ಟದವನು, ಅನುಮಾನವೇ ಬೇಡ. ಆದ್ರೆ ಶಲ್ಯನ ಮನಸ್ಸು ಬರಲಿಲ್ಲ ನೋಡಿ, ಸೈನ್ಯ ಮಾತ್ರ ಬಂತು. ಕರ್ಣನ ರಥದಲ್ಲಿ ಕೂತು ಕರ್ಣನನ್ನೇ ಹಂಗಿಸಿದ. ಸೈನ್ಯದ ಮನೋಬಲ ಅಂತ ಆಟ ಯಾವುದನ್ನ ಕರೆಯುತ್ತೋ ಅದು ಇದೇ ಅಲ್ವಾ?

ಈ ಹಳೇ ಆಟವನ್ನ ಇವತ್ತಿನ ಕಂಪ್ಯೂಟರಿನಲ್ಲಿ ಆಡೋಕೆ 'ಎಫ್‌ಹೀರೋಸ್2' ಅಂತ ಒಂದು ಮುಕ್ತ ತಂತ್ರಾಂಶ ಇದೆ. ಆಟದ ಎಂಜಿನ್ನನ್ನೇ ಅಭಿಮಾನಿಗಳು ಸಿ ಪ್ಲಸ್ ಪ್ಲಸ್‌ನಲ್ಲಿ ಮತ್ತೆ ಬರೆದಿದ್ದಾರೆ. ಸಾಫ್ಟ್‌ವೇರ್‌ನವನಿಗೆ ಆಟ ಆಡೋದಕ್ಕಿಂತ ಅದರ ಕೋಡ್ ಓದೋದು ಹೆಚ್ಚು ಮಜ (ಮನೆಯವರು ಇದನ್ನ ರೋಗ ಅಂತಾರೆ). ಒಂದೊಂದು ಯುದ್ಧ ಗೆದ್ದಾಗ ಏನು ಸಿಗುತ್ತೆ ಅಂತ ಕೋಡಿನಲ್ಲಿ ಒಂದು ಪಟ್ಟಿ ಇದೆ. ಹೊಸ ಹೀರೋ, ಮಂತ್ರ, ಮಾಂತ್ರಿಕ ವಸ್ತು ಇವೆಲ್ಲದರ ಜೊತೆಗೆ ಎರಡು ವಿಚಿತ್ರ ಬಾಬ್ತುಗಳಿವೆ: ಜೀವಿಗಳ ಮೈತ್ರಿ, ಜೀವಿಗಳ ಶಾಪ.

ರೋಲಂಡನ ಕಡೆ ಆಡುವಾಗ ಕುಳ್ಳರ ನಾಡನ್ನ ಕಾಪಾಡೋ ಒಂದು ಯುದ್ಧ ಬರುತ್ತೆ. ಗೆದ್ದರೆ ಆಮೇಲೆ ಎಲ್ಲೇ ಕುಳ್ಳರು ಎದುರಾದ್ರೂ ರೋಲಂಡನ ಗೆಳೆಯ ನಮಗೂ ಗೆಳೆಯ ಅಂತ ದಾರಿ ಬಿಡ್ತಾರೆ. ಆರ್ಚಿಬಾಲ್ಡನ ಕಡೆ ಆಡುವಾಗ ಅದೇ ಕುಳ್ಳರನ್ನ ಕೊಲ್ಲೋ ಯುದ್ಧ. ಅದನ್ನ ಗೆದ್ದ ಮೇಲೆ ಕುಳ್ಳರು ನಿಮ್ಮನ್ನ ಕಂಡ ಕೂಡಲೇ ಕುಲಘಾತಕ ಬಂದ ಅಂತ ಕಾಲಿಗೆ ಬುದ್ಧಿ ಹೇಳ್ತಾರೆ. ಅವತ್ತಿನ ಕೆಲಸ ಮುಂದಿನ ಎಲ್ಲಾ ಯುದ್ಧಗಳಿಗೂ ಅಂಟಿಕೊಂಡು ಬರುತ್ತೆ. ಡ್ರಾಗನ್ನುಗಳ ಜೊತೆಗಿನ ಮೈತ್ರಿ ಇನ್ನೂ ತಮಾಷೆ. ಒಪ್ಪಂದ ಇದೆ, ಹಾಗಾಗಿ ಸೇರಲೇಬೇಕು ಅಂತ ಬರ್ತವೆ. ನಿಮ್ಮ ಐದೂ ಜಾಗ ಭರ್ತಿ ಆಗಿದ್ರೆ ಬೇಜಾರು ಮಾಡ್ಕೊಂಡು ಚದುರಿ ಹೋಗ್ತವೆ! ಮಧ್ಯದಲ್ಲಿ ಪಕ್ಷ ಬದಲಾಯಿಸೋ ಅವಕಾಶವನ್ನೂ ಆಟ ಕೊಡುತ್ತೆ. ಕುರುಕ್ಷೇತ್ರದಲ್ಲಿ ಯುದ್ಧ ಶುರುವಾಗೋ ಮುಂಚೆ ಯುಯುತ್ಸು ದಾಟಿ ಬಂದ ಹಾಗೆ.

ಇಷ್ಟೆಲ್ಲಾ ಇದ್ದೂ ಕೋಡಿನಲ್ಲಿ ಮೈತ್ರಿ ಅನ್ನೋದು ಕೊನೆಗೆ ಒಂದು ಪ್ರಶ್ನೆ: ಇದೆಯಾ, ಇಲ್ವಾ. ಕುಳ್ಳರಿಗೆ ಏನು ಬೇಕಿತ್ತು, ಗೆದ್ದ ಮೇಲೆ ಅವರಿಗೆ ಏನು ಕೊಟ್ರು, ಮುಂದಿನ ವರ್ಷ ಅವರು ಬಂದು ಏನು ಕೇಳಿದ್ರು, ಈ ಯಾವುದಕ್ಕೂ ಅಲ್ಲಿ ಜಾಗ ಇಲ್ಲ. ಅದನ್ನ ಕಾಣೋಕೆ ನಾನಿರೋ ದೇಶದ ಚರಿತ್ರೆಗೇ ಹೋಗ್ಬೇಕಾಯ್ತು.

ಕ್ವಾಲಾಲಂಪುರದ ನಮ್ಮ ಆಫೀಸಿನಲ್ಲಿ ಊಟದ ಹೊತ್ತಲ್ಲಿ ಈ ಆಟ ತೆರೆದಿದ್ದೆ. ಪಹಾಂಗ್ ಕಡೆಯ ಮಲಯ್ ಹುಡುಗನೊಬ್ಬ ಇಣುಕಿ ನೋಡಿ ಏನು ಕತೆ ಅಂದ. ಇಬ್ಬರು ಸೋದರರು ರಾಜ್ಯಕ್ಕೆ ಹೊಡೆದಾಡ್ತಾರೆ ಅಂದೆ. 'ಓ, ಪೆರಾಂಗ್ ಸೌದಾರಾ! ನಮ್ಮಲ್ಲೂ ಆಗಿದೆ' ಅಂದ.

ಪೆರಾಂಗ್ ಅಂದ್ರೆ ಯುದ್ಧ. ಸೌದಾರಾ ಅಂದ್ರೆ ನಮ್ಮ ಸೋದರನೇ, ಸಂಸ್ಕೃತದಿಂದ ಇಲ್ಲಿಗೆ ಬಂದು ಉಳಿದುಬಿಟ್ಟಿದೆ. ನಾವು ಅಂತರ್ಯುದ್ಧ ಅನ್ನೋದಕ್ಕೆಲ್ಲಾ ಇವರು 'ಸೋದರ ಯುದ್ಧ' ಅಂತಾರೆ. ಮಲಯ್ ಭಾಷೆಯಲ್ಲಿ ಇಂಥ ಪದಗಳು ರಾಶಿ ಇವೆ. ವೀರನಿಗೆ ವಿರಾ. ನಿಷ್ಠೆಗೆ ಸೆತಿಯಾ, ಅಂದ್ರೆ ಸತ್ಯ. ರಾಜದ್ರೋಹಕ್ಕೆ ದೆರ್ಹಾಕಾ, ನಮ್ಮ ದ್ರೋಹ. ನೌಕಾಸೇನಾಪತಿಗೆ ಲಕ್ಸಮಾನಾ! ಅಣ್ಣನ ಹಿಂದೆ ಕಾಡಿಗೆ ಹೋದ ಲಕ್ಷ್ಮಣ ಇಲ್ಲಿ ಅಡ್ಮಿರಲ್ ಆಗಿದ್ದಾನೆ. ಅಣ್ಣನ ವಿರುದ್ಧ ನಿಂತ ವಿಭೀಷಣನ ಹೆಸರಲ್ಲಿ ಹಾಗೆ ಯಾವ ಹುದ್ದೆಯೂ ನನಗೆ ಕಂಡಿಲ್ಲ.

ಆ ಹುಡುಗ ಹೇಳಿದ್ದು ಪಹಾಂಗಿನ ಸೋದರ ಯುದ್ಧ, 1857ರಿಂದ 1863ರವರೆಗೆ. ಕೇಳ್ತಾ ಕೇಳ್ತಾ ನನಗೆ ಎನ್‌ರಾತ್ ನಕ್ಷೆಯನ್ನೇ ಇಲ್ಲಿಗೆ ತಂದು ಹಾಸಿದ ಹಾಗಾಯ್ತು. ಪಹಾಂಗನ್ನ ಆಳ್ತಿದ್ದವನನ್ನ ಬೆಂದಹಾರಾ ಅಂತಿದ್ರು (ಇದೂ ನಮ್ಮ ಭಾಂಡಾಗಾರದಿಂದಲೇ ಬಂದದ್ದು). ಬೆಂದಹಾರಾ ತುನ್ ಅಲಿ 1857ರಲ್ಲಿ ತೀರಿಕೊಂಡ. ಅಧಿಕಾರ ಮಗ ತುನ್ ಮುತಾಹಿರ್ ಕೈಯಲ್ಲಿ. ಅದೇ ತಂದೆಯ ಇನ್ನೊಬ್ಬ ಮಗ ವಾನ್ ಅಹ್ಮದ್, ಅಪ್ಪ ಕ್ವಾಂತಾನ್ ಮತ್ತು ಎಂದಾವ್ ಸೀಮೆಗಳನ್ನ ನನಗೆ ಬಿಟ್ಟು ಹೋಗಿದ್ದಾರೆ ಅಂದ. ಅಣ್ಣ ಕೊಡಲ್ಲ ಅಂದ. ಐದು ಗ್ರಾಮ ಕೇಳಿದ ಕತೆ ನೆನಪಾಯ್ತಾ? ಇಲ್ಲಿ ಎರಡು ನದೀಮುಖ. ತವರ ತುಂಬಿದ ನಾಡಿನಲ್ಲಿ ನದೀಮುಖ ಅಂದ್ರೆ ಸುಂಕದ ಕಟ್ಟೆ, ಆಟದ ಚಿನ್ನದ ಗಣಿಗೆ ಸಮ.

ಇಬ್ಬರೇ ಹೊಡೆದಾಡಿದ್ರೆ ಒಂದೆರಡು ಮಳೆಗಾಲದಲ್ಲಿ ಮುಗೀತಿತ್ತೇನೋ. ಅದು ಆರು ವರ್ಷ ಎಳೆದದ್ದು ಜೊತೆಗೆ ನಿಂತವರಿಂದ. ಅಣ್ಣನ ಬೆನ್ನಿಗೆ ದಕ್ಷಿಣದ ಜೊಹೋರ್. ಅಲ್ಲಿನ ತೆಮೆಂಗ್ಗೊಂಗ್ ಇಬ್ರಾಹಿಂ, 1862ರಲ್ಲಿ ಅವನು ಸತ್ತ ಮೇಲೆ ಮಗ ಅಬು ಬಕರ್. ತಮ್ಮನ ಬೆನ್ನಿಗೆ ಉತ್ತರದ ತೆರೆಂಗಾನುವಿನ ಸುಲ್ತಾನ ಬಗಿಂದಾ ಓಮರ್. ಅವನ ಹಿಂದೆ, ಡಚ್ಚರು 1857ರಲ್ಲಿ ಗದ್ದುಗೆಯಿಂದ ಇಳಿಸಿದ್ದ ಲಿಂಗಾದ ಮಾಜಿ ಸುಲ್ತಾನ ಮಹಮೂದ್. ಅವನ ಹಿಂದೆ ಸಯಾಮಿನ ರಾಜ. ಜೊಹೋರಿಗೆ ಪಹಾಂಗಿನ ಗಡಿ ಮೇಲೆ ಕಣ್ಣು. ಮಹಮೂದನಿಗೆ ಕಳೆದುಹೋದ ಗದ್ದುಗೆ ಬೇಕು. ಸಯಾಮಿಗೆ ದಕ್ಷಿಣಕ್ಕೆ ಕೈ ಚಾಚಬೇಕು. ಸಿಂಗಾಪುರದ ಬ್ರಿಟಿಷ್ ವರ್ತಕರಿಗೆ ವ್ಯಾಪಾರ ನಿಲ್ಲಬಾರದು. ಈ ಲೆಕ್ಕಗಳಲ್ಲಿ 'ಅಪ್ಪ ಹೇಳಿದ್ದೇನು' ಅನ್ನೋ ಪ್ರಶ್ನೆ ಯಾರಿಗೂ ಬೇಕಾಗಿರಲಿಲ್ಲ.

1862ರ ನವೆಂಬರಿನಲ್ಲಿ ಸಿಂಗಾಪುರದ ಗವರ್ನರ್ ಕ್ಯಾವೆನಾ ಕಳಿಸಿದ ಹಡಗುಗಳು ಕ್ವಾಲಾ ತೆರೆಂಗಾನು ಊರಿನ ಮೇಲೆ ಗುಂಡು ಸುರಿಸಿದವು. ಮಹಮೂದನನ್ನ ವಾಪಸ್ಸು ಕಳಿಸಲಿಲ್ಲ ಅನ್ನೋದು ಕಾರಣ. ಜಗಳ ಪಹಾಂಗಿನದು, ಉತ್ತರಾಧಿಕಾರಿ ಯಾರು ಅನ್ನೋದು ಪಹಾಂಗಿನ ಪ್ರಶ್ನೆ, ಗುಂಡು ಬಿದ್ದದ್ದು ಪಕ್ಕದ ರಾಜ್ಯದ ಮೀನುಗಾರರ ಊರಿನ ಮೇಲೆ!

ಕೊನೆಗೆ ಗೆದ್ದವನು ತಮ್ಮ. ಅಷ್ಟೆಲ್ಲಾ ತೋಪು ಹಾರಿಸಿದ ಮೇಲೂ ಬ್ರಿಟಿಷರಿಗೆ ಬೇಡವಾಗಿದ್ದ ವಾನ್ ಅಹ್ಮದನೇ 1863ರಲ್ಲಿ ಪಹಾಂಗನ್ನ ಗೆದ್ದ. ಮುತಾಹಿರ್ ಅದೇ ವರ್ಷ ದೇಶ ಬಿಟ್ಟು ಜೊಹೋರಿನ ಕ್ವಾಲಾ ಸೆದಿಲಿಯಲ್ಲಿ ಸತ್ತ. ಅವನ ಮಗ ವಾನ್ ಕೊರಿಸ್ ಕೂಡ ಅಲ್ಲೇ ಸತ್ತ. ಜೊಹೋರ್ ಏನು ಕಳಕೊಂಡಿತು? ಹೆಚ್ಚೇನಿಲ್ಲ. 1868ರಲ್ಲಿ ಗವರ್ನರ್ ಆರ್ಡ್ ಕೂತು ಎಂದಾವ್ ನದಿಯನ್ನ ಎರಡೂ ರಾಜ್ಯಗಳ ಗಡಿ ಅಂತ ತೀರ್ಮಾನ ಮಾಡಿದ. ಅಣ್ಣ-ತಮ್ಮ ಹೊಡೆದಾಡಿದ ಎಂದಾವ್ ಕೊನೆಗೆ ಗಡಿರೇಖೆ ಆಯ್ತು.

ಇದು ದೂರದ ದೇಶದ ಕತೆ ಅಂತ ಅನ್ಕೋಬೇಡಿ, ನಮ್ಮದೇ ಇನ್ನೂ ಹಳೇದು ಇದೆ. ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರ 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ದೊಡ್ಡ ಮಗ ಇಮ್ಮಡಿ ಸೋಮೇಶ್ವರ ರಾಜನಾದ. ತಮ್ಮ ವಿಕ್ರಮಾದಿತ್ಯ ಎಂಟು ವರ್ಷ ಸುಮ್ಮನೆ ಕೂರಲಿಲ್ಲ. ಅಪ್ಪನ ಕಾಲದ ಹಗೆ ಚೋಳರ ಮನೆಯ ಅಳಿಯನಾದ. ಗೋವೆಯ ಕದಂಬರು, ಹೊಯ್ಸಳರು, ಸೇವುಣರು, ಉಚ್ಚಂಗಿಯ ಪಾಂಡ್ಯರು ಅಂತ ಒಬ್ಬೊಬ್ಬರನ್ನೇ ಸೇರಿಸ್ಕೊಂಡ. ಚೋಳರಲ್ಲಿ ಗದ್ದುಗೆ ಬದಲಾಗಿ ಕುಲೋತ್ತುಂಗ ಬಂದಾಗ ಅಣ್ಣ ಅವನ ಜೊತೆ ಸೇರ್ಕೊಂಡ. 1076ರಲ್ಲಿ ತಮ್ಮ ಗೆದ್ದು ಪಟ್ಟಕ್ಕೇರಿದ, ತನ್ನದೇ ಹೆಸರಲ್ಲಿ ಶಕೆ ಶುರು ಮಾಡಿದ, ಐವತ್ತು ವರ್ಷ ಆಳಿದ. ಬಿಲ್ಹಣ ಅವನ ಮೇಲೆ ಕಾವ್ಯವನ್ನೇ ಬರೆದ. ಗೆದ್ದವನ ಆಸ್ಥಾನದ ಕವಿ ಬರೆದರೆ ಅಣ್ಣ ಖಳನಾಯಕ ಆಗ್ಲೇಬೇಕಲ್ಲ. ಆರ್ಚಿಬಾಲ್ಡನ ಕಡೆಯ ಮಾತು ಕೇಳೋ ಅವಕಾಶವನ್ನ ಕಂಪ್ಯೂಟರ್ ಆಟವಾದ್ರೂ ಕೊಡುತ್ತೆ. ಇಮ್ಮಡಿ ಸೋಮೇಶ್ವರನಿಗೆ ಅದೂ ಸಿಕ್ಕಲಿಲ್ಲ.

ಆದ್ರೆ ಕತೆಯ ಇನ್ನೊಂದು ಭಾಗ ಮುಂದೆ ಬಂತು. ಬನವಾಸಿ ಕಡೆ ಆಳ್ತಿದ್ದ ಕಿರಿಯ ತಮ್ಮ ಜಯಸಿಂಹ ಅಣ್ಣ ಮಾಡಿದ್ದನ್ನೇ ನೋಡಿ ಕಲಿತಿದ್ದ, ದಂಗೆ ಎದ್ದ. ಪಟ್ಟಕ್ಕೇರೋಕೆ ಹೆಗಲು ಕೊಟ್ಟ ಹೊಯ್ಸಳರ ಮನೆಯ ವಿಷ್ಣುವರ್ಧನ ಮುಂದೆ ತಿರುಗಿಬಿದ್ದ. ಸಿಂದರ ಆಚುಗಿಯನ್ನ ಕಳಿಸಿ ಅವನನ್ನ ಹಿಂದಕ್ಕೆ ತಳ್ಳಬೇಕಾಯ್ತು. ವಿಕ್ರಮಾದಿತ್ಯ ಹೋಗಿ ಒಂದು ಶತಮಾನ ತುಂಬೋ ಮುಂಚೆ ಚಾಲುಕ್ಯ ರಾಜ್ಯವನ್ನ ಹಂಚಿಕೊಂಡವರು ಯಾರು? ಹೊಯ್ಸಳರು ಮತ್ತು ಸೇವುಣರು. ಸಾಲದ ಕಂತು ತಡವಾಗಿ ಬಂತು, ಬಡ್ಡಿ ಸಮೇತ ಬಂತು.

ಮತ್ತೆ ಮಲೇಷಿಯಾಕ್ಕೆ ಬರ್ತೀನಿ, ಯಾಕಂದ್ರೆ ಪಹಾಂಗ್ ಗೆದ್ದ ವಾನ್ ಅಹ್ಮದ್ ಹತ್ತು ವರ್ಷದ ಮೇಲೆ ಇನ್ನೊಂದು ಸೋದರ ಯುದ್ಧದಲ್ಲಿ ಮೂರನೆಯವನಾಗಿ ಬರ್ತಾನೆ. ಈ ಸಲ ಪಕ್ಕದ ಸೆಲಂಗೋರಿನಲ್ಲಿ, ಅಂದ್ರೆ ನಾನು ದಿನಾ ರೈಲು ಹಿಡಿಯೋ ಜಾಗದಲ್ಲೇ.

ಸೆಲಂಗೋರಿನ ಜಗಳ ಸ್ವಂತ ಅಣ್ಣ-ತಮ್ಮಂದಿರದ್ದಲ್ಲ, ಒಂದೇ ರಾಜಮನೆತನದ ದಾಯಾದಿಗಳದ್ದು. ಕ್ಲಾಂಗ್ ನದಿಯ ಸೀಮೆಯನ್ನ ಆಳ್ತಿದ್ದ ಅಪ್ಪ ಸತ್ತ ಮೇಲೆ ಅದು ಮಗ ರಾಜಾ ಮಹ್ದಿಗೆ ಬರಬೇಕಿತ್ತು. ಸುಲ್ತಾನ ಅದನ್ನ ನೆಂಟಸ್ತಿಕೆಯಲ್ಲಿ ಬಂದ ರಾಜಾ ಅಬ್ದುಲ್ಲಾಗೆ ಕೊಟ್ಟುಬಿಟ್ಟ. 1857ರಲ್ಲಿ ಇದೇ ಅಬ್ದುಲ್ಲಾ ಮತ್ತು ಅವನ ಸೋದರ ಜುಮಾತ್ ಎಂಬತ್ತೇಳು ಜನ ಚೀನೀ ಕೂಲಿಗಳನ್ನ ತವರ ಹುಡುಕೋಕೆ ಅಂತ ಗೊಂಬಾಕ್ ಮತ್ತು ಕ್ಲಾಂಗ್ ನದಿ ಸೇರೋ ಜಾಗದ ಕಡೆ ಕಳಿಸಿದ್ರು. ಒಂದು ತಿಂಗಳಲ್ಲಿ ಉಳಿದವರು ಹದಿನೆಂಟು ಜನ. ಮಿಕ್ಕವರು ಜ್ವರದಲ್ಲಿ ಹೋದರು. ಆ ಕೆಸರಿನ ಸಂಗಮ ಬೆಳೆದು ಕ್ವಾಲಾಲಂಪುರ ಆಯ್ತು. ಆಟದಲ್ಲಿ ಗಣಿ ಮೇಲೆ ಬಾವುಟ ನೆಟ್ಟರೆ ಮಾರನೇ ದಿನದಿಂದ ಅದಿರು ಬರೋಕೆ ಶುರು. ಅದನ್ನ ಅಗೆಯೋನು ಯಾರು ಅಂತ ಪರದೆ ಮೇಲೆ ಕಾಣಲ್ಲ.

1867ರಲ್ಲಿ ಮಹ್ದಿ ಕ್ಲಾಂಗ್ ಕೋಟೆ ಹಿಡಿದ. 1868ರಲ್ಲಿ ಸುಲ್ತಾನ ಅಬ್ದುಲ್ ಸಮದ್ ತನ್ನ ಅಳಿಯ, ಕೆದಾಹ್‌ನ ರಾಜಕುಮಾರ ತೆಂಗ್ಕು ಕುದಿನ್‌ಗೆ ತನ್ನ ಪರವಾಗಿ ಅಧಿಕಾರ ಕೊಟ್ಟ. ಹೊರಗಿನಿಂದ ಬಂದ ಅಳಿಯ ಯಜಮಾನ ಆದ್ರೆ ಮನೆಯೊಳಗಿನವರು ಒಪ್ತಾರಾ? ಅಲ್ಲಿಂದ ಎರಡು ಬಣ. ಚೀನೀ ಗಣಿಗಾರರಲ್ಲೂ ಎರಡು ಬಣ. ಕ್ವಾಲಾಲಂಪುರದ ಕಪಿತಾನ್ ಯಾಪ್ ಆ ಲೋಯ್ ಕುದಿನ್ ಕಡೆ, ಅವನ ವೈರಿ ಚೊಂಗ್ ಚೊಂಗ್ ಮಹ್ದಿ ಕಡೆ.

ಪಕ್ಷ ಬದಲಾಯಿಸೋದು ಅಂದೆನಲ್ಲ, ಅದನ್ನ ಇಲ್ಲಿ ನೋಡ್ಬೇಕು. ಸಯ್ಯದ್ ಮಶ್‌ಹೋರ್ ಅಂತ ಒಬ್ಬ ಯೋಧ. ಆಟದ ಹೀರೋಗೆ ಇಷ್ಟು ಹತ್ತಿರದವನನ್ನ ನಾನು ಓದಿಲ್ಲ, ಹೋದಲ್ಲೆಲ್ಲಾ ಹೆಸರು ಮಾಡಿದವನು. ಮೊದಲು ಕುದಿನ್ ಕಡೆ ಇದ್ದ. ಸುಲ್ತಾನನ ಮಗ ತನ್ನ ಸೋದರನನ್ನ ಕೊಲ್ಲಿಸಿದ ಅನ್ನೋ ಸುದ್ದಿ ಬಂದ ದಿನ ಮಹ್ದಿ ಕಡೆ ಹೋದ. ಬೇರೆಯವರ ಸೋದರ ಯುದ್ಧಕ್ಕೆ ಬಾಡಿಗೆಗೆ ಬಂದವನಿಗೆ ಅದು ಸ್ವಂತ ಸೋದರನ ಯುದ್ಧ ಆಯ್ತು. ಮಂಡೈಲಿಂಗ್ ನಾಯಕ ರಾಜಾ ಅಸಾಲ್ 1872ರಲ್ಲಿ ಕುದಿನ್‌ನ ಬಿಟ್ಟು ಎದುರು ಪಕ್ಷ ಸೇರಿದ. ಆ ವರ್ಷ ಕ್ವಾಲಾಲಂಪುರ ಬಿತ್ತು, ಸುಟ್ಟು ಬೂದಿಯಾಯ್ತು.

ಇವತ್ತು ಕೆಎಲ್ ಟವರ್ ನಿಂತಿರೋ ಬುಕಿತ್ ನಾನಾಸ್ ಗುಡ್ಡದ ಮೇಲೆ ಆಗ ಕುದಿನ್‌ನ ಠಾಣೆ ಇತ್ತು. ಅದರಲ್ಲಿ ಯುರೋಪಿನ ಬಾಡಿಗೆ ಅಧಿಕಾರಿಗಳ ಕೈಕೆಳಗೆ ಭಾರತದ ಸಿಪಾಯಿಗಳಿದ್ರು. ಮುತ್ತಿಗೆ ಬಿಗಿಯಾದಾಗ ಆ ತುಕಡಿ ಗುಡ್ಡ ಇಳಿದು ದಾಮನ್ಸಾರಾ ಕಡೆ ಹೊರಟು, ಕಾಡಿನಲ್ಲಿ ದಾರಿ ತಪ್ಪಿ, ಪೆತಾಲಿಂಗ್ ಹತ್ತಿರ ಸಿಕ್ಕಿಬಿದ್ದು ನಾಶವಾಯ್ತು. ಇವತ್ತು ಪೆತಾಲಿಂಗ್ ಜಯ ಅಂದ್ರೆ ನಮ್ಮಂಥ ಸಾಫ್ಟ್‌ವೇರಿನವರು ಬಾಡಿಗೆ ಮನೆ ಹುಡುಕೋ ಊರು. ಅಲ್ಲಿ ಸತ್ತ ಸಿಪಾಯಿಗಳಿಗೆ ಕುದಿನ್ ಯಾರು, ಮಹ್ದಿ ಯಾರು? ಸಂಬಳಕ್ಕೆ ಸಮುದ್ರ ದಾಟಿ ಬಂದವರು. ಇದನ್ನ ಓದಿದ ಮೇಲೆ ಆಟದಲ್ಲಿ ಸೈನಿಕರ ಪಕ್ಕ ಬರೋ ಸಂಖ್ಯೆ ಕಡಿಮೆಯಾದಾಗ ಮೊದಲಿನ ಹಾಗೆ ಸುಮ್ಮನೆ ನೋಡೋಕೆ ನನಗೆ ಆಗ್ತಿಲ್ಲ.

ಯಾಪ್ ಆ ಲೋಯ್ ಹೇಗೋ ತಪ್ಪಿಸ್ಕೊಂಡು ಕ್ಲಾಂಗ್ ಸೇರಿದ. ಕುದಿನ್ ಆಗ ಪಹಾಂಗಿಗೆ ಹೇಳಿಕಳಿಸಿದ. ವಾನ್ ಅಹ್ಮದ್ ಬೆಟ್ಟ ದಾಟಿಸಿ ಸೈನ್ಯ ಕಳಿಸಿದ. 1873ರಲ್ಲಿ ಕ್ವಾಲಾಲಂಪುರ ಮತ್ತೆ ಕೈಗೆ ಬಂತು, ವರ್ಷದ ಕೊನೆಗೆ ಕ್ವಾಲಾ ಸೆಲಂಗೋರ್ ಕೂಡ. ಮಹ್ದಿ ಸೋತ, 1882ರಲ್ಲಿ ಸತ್ತ. ಯಾಪ್ ಆ ಲೋಯ್ ಸುಟ್ಟ ಊರನ್ನ ಮತ್ತೆ ಕಟ್ಟಿದ. ಸೆಂಟ್ರಲ್ ಮಾರ್ಕೆಟ್ ಹತ್ತಿರ ಅವನು ಕಟ್ಟಿಸಿದ ಸಿನ್ ಸ್ಜೆ ಸಿ ಯಾ ಗುಡಿ ಈಗಲೂ ಇದೆ. ಅಲ್ಲಿ ಪೂಜೆ ತಗೊಳ್ಳೋ ದೇವರಲ್ಲಿ ಒಬ್ಬ, ಇವನು ಹುಡುಗನಾಗಿದ್ದಾಗ ಯಾರ ಕೈಕೆಳಗೆ ಕಾದಾಡಿದ್ನೋ ಆ ಸುಂಗೈ ಉಜೊಂಗಿನ ಕಪಿತಾನ್. ನಮ್ಮ ಊರಬಾಗಿಲ ವೀರಗಲ್ಲಿಗೆ ಎಣ್ಣೆ ಹಚ್ಚಿ ಕುಂಕುಮ ಇಡ್ತೀವಲ್ಲ, ಹಾಗೆ. ಊದುಬತ್ತಿ ಹೊಗೆಯಲ್ಲಿ ನಿಂತಾಗ ಇದು ಚೀನಾದವರ ಗುಡಿ ಅಂತ ನನಗೆ ಅನ್ನಿಸೋದೇ ಇಲ್ಲ.

ಕುದಿನ್ ಗೆದ್ದ, ಸರಿ. ಗೆದ್ದು ಏನು ಬಂತು? ಅವನಿಗೆ ಹಣದ ನೆರವು ಕೊಟ್ಟಿದ್ದವನು ಸಿಂಗಾಪುರದ ವಕೀಲ ಡೇವಿಡ್‌ಸನ್. 1874ರಲ್ಲಿ ಸೆಲಂಗೋರ್ ಬ್ರಿಟಿಷರ ಕೈಕೆಳಗೆ ಬಂದಾಗ ಅಲ್ಲಿನ ಮೊದಲ ರೆಸಿಡೆಂಟ್ ಆಗಿ ಕೂತವನು ಅದೇ ಡೇವಿಡ್‌ಸನ್! ಹೆಸರಿಗೆ ಸಲಹೆಗಾರ, ಆದ್ರೆ ಕಂದಾಯದ ಪುಸ್ತಕ ಅವರ ಕೈಯಲ್ಲಿ. ಸೋತ ದಾಯಾದಿ ಸಿಂಗಾಪುರಕ್ಕೆ ಹೋದ, ಗೆದ್ದ ಅಳಿಯನೂ ಕೆಲವು ವರ್ಷದಲ್ಲಿ ಅಧಿಕಾರ ಬಿಟ್ಟು ನಡೆದ. ಪಹಾಂಗಿಗೂ ಅದು ತಪ್ಪಲಿಲ್ಲ. 1888ರಲ್ಲಿ ಅಲ್ಲೂ ರೆಸಿಡೆಂಟ್ ಬಂದ.

ಆಟದಲ್ಲಿ ಹೀಗೆಲ್ಲಾ ಇಲ್ಲ. ರೋಲಂಡ್ ಗೆಲ್ತಾನೆ (ಮುಂದಿನ ಆಟಗಳು ಒಪ್ಪಿಕೊಂಡಿರೋ ಕತೆ ಅದೇ), ಆಸ್ಥಾನದ ಮಾಂತ್ರಿಕ ತಾನಿರ್ ಆರ್ಚಿಬಾಲ್ಡನನ್ನ ಅಹಲ್ಯೆ ಥರ ಕಲ್ಲು ಮಾಡಿ ನಿಲ್ಲಿಸ್ತಾನೆ. ಕುಳ್ಳರು ಮನೆಗೆ ಹೋಗ್ತಾರೆ, ಯಾರೂ ಬಿಲ್ ಕಳಿಸಲ್ಲ. ಆದ್ರೆ ಅದೇ ಕಂಪನಿಯವರು ಮುಂದೆ ಮಾಡಿದ 'ಮೈಟ್ ಅಂಡ್ ಮ್ಯಾಜಿಕ್' ಆಟಗಳಲ್ಲಿ ಒಂದು ತಿರುವು ಇದೆ. 1998ರ ಆರನೇ ಭಾಗದಲ್ಲಿ ಆ ಕಲ್ಲಿಗೆ ಮತ್ತೆ ಜೀವ ಬರುತ್ತೆ. 1999ರ ಏಳನೇ ಭಾಗದಲ್ಲಿ ರೋಲಂಡ್ ರಾಕ್ಷಸರ ಸೆರೆಯಲ್ಲಿರ್ತಾನೆ. ಅವನನ್ನ ಬಿಡಿಸೋಕೆ ನೆರವಾಗೋರಲ್ಲಿ ಒಬ್ಬ, ಯಾರು ಅಂತೀರಿ, ಆರ್ಚಿಬಾಲ್ಡ್! ಸೇನಾಪತಿಗಳು, ಮಿತ್ರರು, ಒಪ್ಪಂದಗಳೆಲ್ಲಾ ಮುಗಿದ ಮೇಲೆ ಸೋದರನೇ ಬಂದ. ಆರ್ಚಿಬಾಲ್ಡನಿಗೆ ಪೂರ್ತಿ ಮಾಫಿ ಕೊಡೋಷ್ಟು ಉದಾರಿ ನಾನಲ್ಲ, ಕುಳ್ಳರ ನೆನಪಿದೆ ನನಗೆ. ಆದ್ರೂ ಆ ಭಾಗ ಬರೆದವನು ಯಾರೋ ಮನೆ ಕಂಡವನು.

ಇನ್ನು ಹೀರೋಗಳ ವಿಚಾರ. ಪಹಾಂಗಿನಲ್ಲಿ ವಾನ್ ಅಹ್ಮದನ ಪರ ಕಾದಾಡಿ ಹೆಸರು ಮಾಡಿದವರಲ್ಲಿ ರಾಸು ಅಂತ ಒಬ್ಬ. ಜನ ಅವನನ್ನ ತೊಕ್ ಗಾಜಾ ಅಂತಿದ್ರು, ಅಂದ್ರೆ ಗಜ, ಆನೆಯಜ್ಜ! ಸೆಲಂಗೋರಿಗೂ ಹೋಗಿ ಗೆದ್ದು ಬಂದವನು. ತನ್ನ ಒಡೆಯನ ನಾಡಿಗೆ ಬ್ರಿಟಿಷ್ ರೆಸಿಡೆಂಟ್ ಬಂದು, ಸುಂಕ ವಸೂಲಿ ಕೈ ತಪ್ಪಿದಾಗ, 1891ರಲ್ಲಿ ದಾತೊ ಬಹಮನ್ ಎದ್ದ. ತೊಕ್ ಗಾಜಾ ಅವನ ಜೊತೆಗೂಡಿದ. ಸುಲ್ತಾನ ಆಗಿದ್ದ ಅಹ್ಮದ್ ಅಧಿಕೃತವಾಗಿ ಬ್ರಿಟಿಷರ ಕಡೆ ನಿಂತ. ಒಡೆಯನನ್ನ ಗದ್ದುಗೆಗೆ ಏರಿಸಿದವನೇ ಈಗ ದೆರ್ಹಾಕಾ, ದ್ರೋಹಿ. ಕೊನೆಗೆ ಉತ್ತರದ ತೆರೆಂಗಾನು, ಕೆಲಂತಾನ್ ಕಡೆ ಓಡಬೇಕಾಯ್ತು. 2500 ನಾಣ್ಯ ಕೊಟ್ಟು ಮತ್ತೆ ಕರೆಸ್ಕೊಳ್ಳೋ ಸೌಲಭ್ಯ ಇರಲಿಲ್ಲ.

ಅವನ ಮಗ ಮತ್ ಕಿಲಾವ್. ಅವನೂ ಅಪ್ಪನ ಜೊತೆ ಕಾದಾಡಿ ಕಾಡು ಸೇರಿದ, ಸತ್ತೇಹೋದ ಅಂತ ಎಲ್ಲರೂ ನಂಬಿದ್ರು. 1969ರ ಕೊನೆಗೆ ಪಹಾಂಗಿನ ಒಂದು ಹಳ್ಳಿಯಲ್ಲಿ ಬೇರೆ ಹೆಸರಲ್ಲಿ ಬಾಳ್ತಿದ್ದ ಹಣ್ಣುಹಣ್ಣು ಮುದುಕನೊಬ್ಬ ಶುಕ್ರವಾರದ ನಮಾಜಿಗೆ ಬಂದವರ ಮುಂದೆ, ನಾನೇ ಮತ್ ಕಿಲಾವ್ ಅಂದ. ಸರ್ಕಾರ ವಿಚಾರಣೆ ಮಾಡಿ ಹೌದು ಅಂತ ಒಪ್ಪಿಕೊಂಡಿತು. 1970ರಲ್ಲಿ ತೀರಿಕೊಂಡ. 2022ರಲ್ಲಿ ಅವನ ಮೇಲೆ ಬಂದ ಸಿನಿಮಾ ಮಲೇಷಿಯಾದಲ್ಲಿ ದಾಖಲೆ ಮಾಡೋಷ್ಟು ಓಡಿತು.

ನಮ್ಮ ಪಹಾಂಗ್ ಹುಡುಗ ಆ ಸಿನಿಮಾ ಮೂರು ಸಲ ನೋಡಿದ್ದಾನಂತೆ. ಮುತಾಹಿರ್ ಮೇಲೆ ಯಾಕೆ ಯಾರೂ ಸಿನಿಮಾ ಮಾಡಲ್ಲ ಅಂತ ಕೇಳಿದೆ. 'ಗೆದ್ದವರ ಮನೆತನ ಇನ್ನೂ ಗದ್ದುಗೆ ಮೇಲಿದೆಯಲ್ಲ' ಅಂತ ನಕ್ಕ. ಈಗ ಅವನೂ ಆಟ ಇಳಿಸ್ಕೊಂಡಿದ್ದಾನೆ. ರೋಲಂಡನ ಮಾತನ್ನೂ ಆರ್ಚಿಬಾಲ್ಡನ ಮಾತನ್ನೂ ಪೂರ್ತಿ ಕೇಳಿ, ಆರ್ಚಿಬಾಲ್ಡನ ಕಡೆ ಸೇರಿದ. ಕುಳ್ಳರ ಯುದ್ಧ ಇನ್ನೂ ಬಂದಿಲ್ಲ ಅವನಿಗೆ. ನಾನೂ ಹೇಳಿಲ್ಲ.